ಕೋಲು ಯುದ್ಧಕ್ಕೆ ಹೋಗಿ ಬಂದದ್ದು

(ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಗ್ರಂಥಾಲಯದಲ್ಲಿ, ಮಳೆಗಾಲದ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಬಂದಿದ್ದೀರಿ, ಸಂತೋಷ.

ಬರುವಾಗ ಚೀಲದಲ್ಲಿ ಒಂದು ಆಯುಧ ಇಟ್ಟುಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನೋಡಿದರು, ಸೊಂಟಕ್ಕೆ ಕಟ್ಟುವ ದಾರ ಅಂದುಕೊಂಡರು. ಇಲ್ಲಿ ಹಿಂದೆ ಕೂತವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಇದು ಕವಣೆ.

ಇದರ ಮೈ ನೋಡಿ. ಎರಡು ಹಗ್ಗ, ನಡುವೆ ಅಂಗೈ ಅಗಲದ ಹೆಣೆದ ಪಟ್ಟಿ. ಪುಂಡಿನಾರಿನಲ್ಲಿ ಹೆಣೆದದ್ದು. ಒಂದು ಹಗ್ಗದ ತುದಿಗೆ ಕುಣಿಕೆ ಇದೆ, ಅದು ಬೆರಳಿಗೆ. ಇನ್ನೊಂದರ ತುದಿ ಸುಮ್ನೆ ಬಿಟ್ಟಿದೆ. ಅದನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯಬೇಕು. ಪಟ್ಟಿಯಲ್ಲಿ ಕಲ್ಲಿಟ್ಟು, ತಲೆಯ ಮೇಲೆ ಎರಡು ಮೂರು ಸುತ್ತು ಬೀಸಿ, ಸರಿಯಾದ ಗಳಿಗೆಯಲ್ಲಿ ಹೆಬ್ಬೆರಳು ಸಡಿಲಿಸಿದರೆ ಕಲ್ಲು ಹೋಯಿತು. ಬಿಟ್ಟ ತುದಿ ಗಾಳಿಯಲ್ಲಿ ಚಟ್ ಅನ್ನುತ್ತದೆ. ಗಳಿಗೆ ತಪ್ಪಿದರೆ ಕಲ್ಲು ಹಿಂದಕ್ಕೆ ಹೋಗುತ್ತದೆ. ಚಿಕ್ಕವನಿದ್ದಾಗ ನಾನು ಹೊಡೆದ ಕಲ್ಲುಗಳಲ್ಲಿ ಅರ್ಧ ಹಾಗೇ ಹೋಗಿವೆ.

ನಮ್ಮಜ್ಜನ ಹೊಲ ರೋಣದ ಕಡೆ. ಎರೆ ನೆಲ, ಹಿಂಗಾರಿ ಜೋಳ. ತೆನೆ ಹಾಲುಗಟ್ಟುವ ಹೊತ್ತಿಗೆ ಗಿಳಿ, ಗುಬ್ಬಿ ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಹೊಲದ ನಡುವೆ ಅಟ್ಟಣಿಗೆ ಕಟ್ಟಿ, ಅದರ ಮೇಲೆ ಅಜ್ಜ ನಿಂತು ಕವಣೆ ಬೀಸುತ್ತಿದ್ದ. ನಾನು ಕೆಳಗೆ ಕಲ್ಲು ಆರಿಸುವವನು. ಎರೆ ನೆಲದಲ್ಲಿ ಕಲ್ಲು ಸಿಗುವುದು ಕಷ್ಟ, ಹಾಗಾಗಿ ಹಳ್ಳದಿಂದ ಹೊತ್ತು ತರಬೇಕಿತ್ತು. ಒಂದು ದಿನ ನಾನು ಗಿಳಿಗೇ ಗುರಿ ಇಟ್ಟೆ. ಅಜ್ಜ ಮೇಲಿನಿಂದ ಕೂಗಿದ: "ಹಕ್ಕಿಗೆ ಹೊಡೀಬ್ಯಾಡೋ, ಹಕ್ಕಿ ಕಿವಿಗೆ ಹೊಡಿ." ಅಂದರೆ ಸದ್ದಿಗೆ ಹೆದರಿ ಹೋದರೆ ಸಾಕು, ಸಾಯಿಸಬೇಕಿಲ್ಲ.

ಇದೇ ಕವಣೆ ಕೋಟೆಯ ಮೇಲೆ ನಿಂತವನ ಕೈಯಲ್ಲಿದ್ದರೆ ತಲೆ ಒಡೆಯುವ ಆಯುಧ. ಹೆಸರು ಮಾತ್ರ ಎರಡೂ ಕಡೆ ಒಂದೇ. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಎಸೆಯುವ, ಹಾರಿಸುವ ಆಯುಧಗಳಿಗೆ ಕನ್ನಡಿಗರು ಬೇರೆಯೇ ಹೆಸರು ಕಟ್ಟಲು ಹೋದದ್ದು ಕಡಿಮೆ. ಮನೆಯಲ್ಲಿ, ಹೊಲದಲ್ಲಿ ಬಿದ್ದಿದ್ದ ಸಾಮಾನಿನ ಹೆಸರನ್ನೇ ಯುದ್ಧಕ್ಕೆ ಕಳಿಸಿದರು. ಕಾಳಗ ಮುಗಿದ ಮೇಲೆ ಆ ಹೆಸರು ಮತ್ತೆ ಮನೆಗೆ ಬಂದು, ಏನೂ ಆಗದ ಹಾಗೆ ಮೂಲೆಯಲ್ಲಿ ಕೂತುಕೊಂಡಿತು.

ಕೋಲನ್ನೇ ತೆಗೆದುಕೊಳ್ಳಿ. ಇವತ್ತು ಕೋಲು ಅಂದರೆ ದನ ಕಾಯುವವನ ಕೈಯಲ್ಲಿರುವುದು, ಅಜ್ಜಿ ಊರಿಕೊಂಡು ನಡೆಯುವುದು. ಹಳಗನ್ನಡದಲ್ಲಿ ಕೋಲ್ ಅಂದರೆ ಬಾಣ ಕೂಡ. ಮನ್ಮಥನಿಗೆ ಕಮ್ಮಗೋಲ ಅನ್ನುವ ಹೆಸರಿದೆ. ಕಮ್ಮಗಿನ ಕೋಲು ಇರುವವನು, ಪರಿಮಳದ ಬಾಣದವನು ಅಂತ. ಹೂವಿನ ಬಾಣ ಅಲ್ವಾ, ಅದಕ್ಕೆ. ಅವನಿಗೇ ಅಲರಂಬ ಅಂತಲೂ ಅಂದರು. ಅಲರ್ ಅಂದರೆ ಹೂ, ಅಂಬು ಅಂದರೆ ಬಾಣ. ಅವನ ಬಿಲ್ಲು ಇನ್ನೂ ನಮ್ಮ ಕಣ್ಣಿಗೆ ಬೀಳುತ್ತಿರುತ್ತದೆ. ಇಂಥ ಮಳೆ ಒಂದು ಗಳಿಗೆ ನಿಂತು ಬಿಸಿಲು ಬಂದರೆ ಕಾಮನಬಿಲ್ಲು ತಾನೇ?

ಸರಳು ಅನ್ನುವ ಪದದ ಕಥೆ ಇನ್ನೂ ಚೆನ್ನ. ಕುಮಾರವ್ಯಾಸನ ಭಾರತದಲ್ಲಿ ಸರಳು ಅಂದರೆ ಬಾಣ. ಭೀಷ್ಮ ಮಲಗಿದ್ದು ಸರಳ ಮಂಚದ ಮೇಲೆ. ಈಗ ಸರಳು ಎಲ್ಲಿದೆ? ಆ ಕಿಟಕಿಯಲ್ಲಿದೆ ನೋಡಿ, ಆರು ಸರಳು. ಜೈಲಿನಲ್ಲೂ ಇದೆ. ಪೇಪರಿನವರು "ಸರಳುಗಳ ಹಿಂದೆ" ಅಂತ ಬರೆಯುತ್ತಾರಲ್ಲ, ಅದು. ಹಾರುತ್ತಿದ್ದ ಬಾಣವನ್ನು ಹಿಡಿದು ಚೌಕಟ್ಟಿಗೆ ಹೊಡೆದು ನಿಲ್ಲಿಸಿದಂತಿದೆ. ನೆಟ್ಟಗೆ, ಸಪೂರಾಗಿ, ಉದ್ದವಾಗಿ ಇರುವುದೆಲ್ಲ ಸರಳು. ಆಕಾರ ಮೊದಲು, ಕೆಲಸ ಆಮೇಲೆ.

ಅಂಬು ಮಾತ್ರ ಇನ್ನೂ ವರ್ಷಕ್ಕೊಂದು ದಿನ ಆಯುಧವಾಗಿಯೇ ಇದೆ. ವಿಜಯದಶಮಿಯ ದಿನ ಊರ ದೇವರು ಬನ್ನಿಮಂಟಪಕ್ಕೆ ಹೋದಾಗ ಅಂಬು ಕಡಿಯುತ್ತಾರೆ. ಬಾಳೆಯ ದಿಂಡನ್ನು ನೆಟ್ಟು ಕಡಿಯುವುದು. ಪತ್ರಿಕೆಯ ಭಾಷೆಯಲ್ಲಿ "ಅಂಬು ಛೇದನ". ಎಷ್ಟೋ ಊರುಗಳಲ್ಲಿ ಇದನ್ನು ಮಾಡುವವರು ತಹಶೀಲ್ದಾರರು. ವರ್ಷವಿಡೀ ಫೈಲಿಗೆ ಸಹಿ ಹಾಕುವ ಕೈ ಆ ದಿನ ಕತ್ತಿ ಹಿಡಿಯುತ್ತದೆ, ಬಾಳೆ ದಿಂಡು ಒಂದೇ ಏಟಿಗೆ ತುಂಡಾಗದಿದ್ದರೆ ಸುತ್ತ ನಿಂತ ಹುಡುಗರು ನಗುತ್ತಾರೆ.

ಹೆಸರುಗಳನ್ನು ಬಿಟ್ಟು ಸ್ವಲ್ಪ ಕ್ರಿಯಾಪದಗಳಿಗೆ ಬರುತ್ತೇನೆ. ಎಸೆಯುವುದಕ್ಕೆ ಕನ್ನಡದಲ್ಲಿ ಎಷ್ಟು ಮಾತಿದೆ ಅಂದರೆ, ನಮ್ಮ ಹಿರಿಯರು ಕೈಗೆ ಸಿಕ್ಕಿದ್ದೆಲ್ಲವನ್ನೂ ಎಸೆದಿರಬೇಕು. ಎಸೆ, ಬೀಸು, ತೂರು, ಬೀರು, ಬಿಸಾಕು, ನಿಮ್ಮ ಕಡೆ ಬಿಸಾಡು, ನಮ್ಮ ಕಡೆ ಒಗೆ. ಈ ಒಗೆಯಿಂದ ನನಗೆ ಒಂದು ಸಲ ಫಜೀತಿಯಾಯಿತು. ಮೊದಲ ಕೆಲಸ ಮೈಸೂರಿನಲ್ಲಿ. ಬಾಡಿಗೆ ಮನೆ. ಕೆಲಸಕ್ಕೆ ಬರುತ್ತಿದ್ದ ಅಮ್ಮನಿಗೆ ಒಂದು ಹರಿದ ಚೀಲ ಕೊಟ್ಟು "ಇದನ್ನ ಒಗೀರಿ" ಅಂದೆ. ಎಸೆಯಿರಿ ಅಂತ ನನ್ನ ಅರ್ಥ. ಸಂಜೆ ಬಂದು ನೋಡಿದರೆ ಚೀಲ ಸೋಪು ಹಾಕಿ ತೊಳೆಸಿಕೊಂಡು ತಂತಿಯ ಮೇಲೆ ಒಣಗುತ್ತಿದೆ! ಮಾರನೇ ದಿನ ಆಯಮ್ಮ, "ತೂತು ಬಿದ್ದಿದೆ, ಹೊಲಿಸಿಕೊಳ್ಳಿ ಸಾರ್" ಅಂದರು. ತಪ್ಪು ಯಾರದೂ ಅಲ್ಲ. ಬಟ್ಟೆಯನ್ನು ಎತ್ತಿ ಕಲ್ಲಿಗೆ ಅಪ್ಪಳಿಸುವುದೂ ಒಂದು ಥರ ಎಸೆತವೇ.

ಹಳೆಯ ಕಾವ್ಯದಲ್ಲಿ ಬಾಣ ಬಿಡುವುದಕ್ಕೆ ಎಸು ಅನ್ನುತ್ತಾರೆ. ಬಿಟ್ಟಾಯಿತು ಅನ್ನಲು "ಎಚ್ಚನು". ಬಿಲ್ವಿದ್ಯೆಗೆ ಎಸುಗೆ. ಗಮಕಿಗಳು ಯುದ್ಧದ ಭಾಗ ಹಾಡುವಾಗ ಈ "ಎಚ್ಚನು" ಬಂದಲ್ಲೆಲ್ಲ ನಾಲಿಗೆ ಅಂಗುಳಕ್ಕೆ ಬಡಿದು ಸಿಡಿಯುತ್ತದೆ. ಹೆದೆ ಬಿಟ್ಟ ಸದ್ದು ಅದರಲ್ಲೇ ಇದೆ. ಇನ್ನೊಂದು ಮಾತು ಇಡು. ಹಳಗನ್ನಡದಲ್ಲಿ ಇಡು ಅಂದರೆ ಎಸೆದು ಹೊಡೆ ಅಂತಲೂ ಆಗುತ್ತಿತ್ತು. ಈಗ ನಾವು ಲೋಟ ಇಡುತ್ತೇವೆ, ಮಗುವಿಗೆ ಹೆಸರಿಡುತ್ತೇವೆ. ಎಷ್ಟು ಮೆತ್ತಗಾಗಿದೆ ನೋಡಿ. ಹಳೆಯ ಸಿಟ್ಟು ಉಳಿದಿರುವುದು ಈಡು ಅನ್ನುವುದರಲ್ಲಿ. ಮಲೆನಾಡಿನಲ್ಲಿ ನಿಮಗೆ ಹೇಳಬೇಕಾಗಿಲ್ಲ, ಕೋವಿಯ ಒಂದು ಹೊಡೆತಕ್ಕೆ ಒಂದು ಈಡು. ದೇವಸ್ಥಾನದ ಮುಂದೆ ನೆಲಕ್ಕೆ ಅಪ್ಪಳಿಸುವ ಕಾಯಿ ಈಡುಗಾಯಿ. ಹಣ್ಣುಕಾಯಿ ಮಾಡಿಸುವಾಗ ಒಡೆಯುವ ಕಾಯಿಯನ್ನು ಯಾರೂ ಈಡುಗಾಯಿ ಅನ್ನುವುದಿಲ್ಲ. ಎಸೆದರೆ ಮಾತ್ರ ಈಡುಗಾಯಿ. ಕೊಡಗಿನವರು ಇನ್ನೂ ಒಂದು ಹೆಜ್ಜೆ ಮುಂದೆ, ಅವರು ತೆಂಗಿನಕಾಯಿಗೇ ಗುಂಡು ಹೊಡೆಯುತ್ತಾರೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ಎತ್ತರದ ಮರಕ್ಕೆ ಕಾಯಿ ಕಟ್ಟಿ ಗುರಿ ಹಿಡಿಯುವ ಪಂದ್ಯ. ಕೋವಿಗೆ ಅವರ ಮಾತಿನಲ್ಲಿ ತೋಕ್. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಮನೆಯಲ್ಲಿ ಯಾರಾದರೂ ಸತ್ತರೆ ಎರಡು.

ಪತ್ರಿಕೆ ಓದುವಾಗ ಗಮನಿಸಿ. "ಅಪಘಾತಕ್ಕೀಡಾದ ಲಾರಿ," "ಟೀಕೆಗೆ ಗುರಿಯಾದ ಸಚಿವರು," "ವಿರೋಧಿಗಳ ಬತ್ತಳಿಕೆಯಲ್ಲಿ," "ದಾವೆ ಹೂಡಿದರು." ಬಿಲ್ಲುಬಾಣ ಹೋಗಿ ಎಷ್ಟೋ ಕಾಲವಾಯಿತು, ಸುದ್ದಿಮನೆಯಲ್ಲಿ ಮಾತ್ರ ದಿನಾ ರಾತ್ರಿ ಬಾಣ ಹೂಡುತ್ತಲೇ ಇರುತ್ತಾರೆ. ಹೂಡು ಪದಕ್ಕಂತೂ ಕೈತುಂಬ ಕೆಲಸ. ಬಾಣ ಹೂಡು, ಎತ್ತು ಹೂಡು, ಬಂಡವಾಳ ಹೂಡು. ಮೂರರಲ್ಲೂ ಮುಂದೇನಾಗುತ್ತದೋ ಗೊತ್ತಿರುವುದಿಲ್ಲ.

ಸಂಸ್ಕೃತದವರ ದಾರಿ ಬೇರೆ. ಅವರು ವಿಂಗಡಿಸುವುದರಲ್ಲಿ ಗಟ್ಟಿಗರು. ಕೈಯಲ್ಲೇ ಹಿಡಿದು ಕಡಿಯುವುದು ಶಸ್ತ್ರ. ಎಸೆಯುವುದು ಅಸ್ತ್ರ. ಅಸ್ ಅನ್ನುವ ಧಾತುವಿಗೆ ಎಸೆ ಅಂತಲೇ ಅರ್ಥ. ಅದಕ್ಕೇ ಡಾಕ್ಟರು ಮಾಡುವುದು ಶಸ್ತ್ರಚಿಕಿತ್ಸೆ. ಅಸ್ತ್ರಚಿಕಿತ್ಸೆ ಅಂದಿದ್ದರೆ ಯಾರು ಆಸ್ಪತ್ರೆಗೆ ಹೋಗುತ್ತಿದ್ದರು? ಧನುರ್ವೇದದ ಲೆಕ್ಕದಲ್ಲಿ ಇನ್ನೂ ಸೂಕ್ಷ್ಮ ಇದೆ. ಕೈಬಿಟ್ಟು ಹೋಗುವ ಚಕ್ರದಂಥದ್ದು ಮುಕ್ತ, ಕೈಯಲ್ಲೇ ಉಳಿಯುವ ಕತ್ತಿ ಅಮುಕ್ತ, ಎರಡಕ್ಕೂ ಆಗುವ ಈಟಿಯಂಥದ್ದು ಮುಕ್ತಾಮುಕ್ತ, ಬಿಲ್ಲಿನಂಥ ಸಾಧನದಿಂದ ಚಿಮ್ಮುವ ಬಾಣ ಯಂತ್ರಮುಕ್ತ. ನನಗೆ ಇದನ್ನು ಮೊದಲು ಓದಿದಾಗ ಮುಕ್ತ ವಿಶ್ವವಿದ್ಯಾಲಯ ನೆನಪಾಗಿ ನಗು ಬಂತು.

ನಮ್ಮ ಕಡೆ ಈ ವಿಂಗಡಣೆ ಬೇರೆ ಥರ ಉಳಿದಿದೆ. ಶಾಲೆಯ ಕ್ರೀಡಾಕೂಟದಲ್ಲಿ! ಗುಂಡು ಎಸೆತ, ಚಕ್ರ ಎಸೆತ, ಈಟಿ ಎಸೆತ. ಮೂರೂ ಆಯುಧಗಳೇ. ನೀರಜ್ ಚೋಪ್ರಾ 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಪತ್ರಿಕೆಗಳಲ್ಲಿ ಒಬ್ಬರು ಈಟಿ ಅಂದರು, ಒಬ್ಬರು ಭರ್ಜಿ ಅಂದರು, ಹೆಚ್ಚಿನವರು ಜಾವೆಲಿನ್ ಅಂದರು. ಕ್ರೀಡೆಯಾದ ಮೇಲೂ ಅದರ ಅಪಾಯ ಹೋಗಿರಲಿಲ್ಲ. 1984ರಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದುಬಿಟ್ಟ. ಇನ್ನು ಸ್ವಲ್ಪ ಬಿಟ್ಟರೆ ಪ್ರೇಕ್ಷಕರ ಮೇಲೇ ಬೀಳುತ್ತದೆ ಅನ್ನುವ ಹೆದರಿಕೆ ಹುಟ್ಟಿತು. 1986ರಲ್ಲಿ ಗಂಡಸರ ಈಟಿಯ ಭಾರದ ನಡುಬಿಂದುವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೂತಿ ಬೇಗ ನೆಲಕ್ಕೆ ಬಾಗಲಿ ಅಂತ.

ಈಗ ಮದ್ದುಗುಂಡಿನ ಕಾಲ. ಮದ್ದು, ಗುಂಡು ಎರಡೂ ಮನೆಯ ಪದಗಳೇ. ಮದ್ದು ಅಂದರೆ ಔಷಧಿ. ಮಗುವಿಗೆ ಕೆಮ್ಮಿದ್ದರೆ ಮದ್ದು. ಕಪ್ಪು ಪುಡಿ ಬಂದಾಗ ಅದಕ್ಕೂ ಮದ್ದು ಅಂದರು. ಅರೆದು, ತೂಗಿ, ಪುಡಿ ಮಾಡಿ, ಪೊಟ್ಟಣ ಕಟ್ಟುವುದು ಎರಡರಲ್ಲೂ ಒಂದೇ ಅಲ್ವಾ.

ಗುಂಡು ಅಂದರೆ ಗುಂಡಗಿರುವುದು, ಅಷ್ಟೇ. ಒರಳಿನಲ್ಲಿ ತಿರುಗುವುದು ರುಬ್ಬುವ ಗುಂಡು. ನಮ್ಮ ಕಡೆ ಜಾತ್ರೆಯಲ್ಲಿ ಪೈಲ್ವಾನರು ಎತ್ತುವುದು ಗುಂಡು. ತೋಪಿನಿಂದ ಹೋಗುವುದು ಗುಂಡು, ಪಿಸ್ತೂಲಿನಿಂದ ಹೋಗುವುದೂ ಗುಂಡು. ಆಮೇಲಿನವು ತಮಾಷೆ. ತಿರುಪತಿಗೆ ಹೋಗಿ ಬಂದವನು ಗುಂಡು ಹೊಡೆಸಿಕೊಂಡು ಬಂದಿದ್ದಾನೆ ಅಂದರೆ ಯಾರೂ ಪೊಲೀಸರಿಗೆ ಫೋನ್ ಮಾಡುವುದಿಲ್ಲ. ಸಂಜೆ ಗುಂಡು ಹಾಕಲು ಹೋದವನ ಹೆಂಡತಿ ಮಾಡಿದರೂ ಮಾಡಬಹುದು. ಆಧಾರ ಇಲ್ಲದೆ ಮಾತಾಡುವವನು ಗಾಳಿಯಲ್ಲಿ ಗುಂಡು ಹೊಡೆಯುತ್ತಾನೆ. ಕನ್ನಡ ಕಲಿಯುವ ಹೊರಗಿನವರಿಗೆ ಇದನ್ನು ಹೇಗೆ ಕಲಿಸುವುದೋ ನನಗೆ ತಿಳಿಯದು. ಹೊಡೆಯುವುದು, ಹೊಡೆಸುವುದು, ಹಾಕುವುದು, ಇಷ್ಟರಲ್ಲೇ ಸಾವೂ ಇದೆ, ಹರಕೆಯೂ ಇದೆ, ಅಮಲೂ ಇದೆ.

ಹಿಂದಿಯ ಗೋಲಿಗೂ ಇದೇ ಗುಣ. ಅಲ್ಲಿ ಗೋಲಿ ಅಂದರೆ ಬಂದೂಕಿನ ಗುಂಡು, ಮಾತ್ರೆ ಎರಡೂ. ನಮ್ಮಲ್ಲಿ ಗೋಲಿ ಅಂದರೆ ಮಕ್ಕಳ ಆಟ, ಗೋಲಿ ಸೋಡಾ. ಆದರೆ ಅದೇ ಪದ ಬೇರೆ ಬಾಗಿಲಿನಿಂದಲೂ ಒಳಗೆ ಬಂತು. ಗೋಲಿಬಾರ್. ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರೆ ಕನ್ನಡದಲ್ಲಿ ಬರೆಯುವುದು ಗೋಲಿಬಾರ್ ಅಂತಲೇ. ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ನಡೆದದ್ದು ಗೋಲಿಬಾರ್. ಗುಂಡು ಅನ್ನುವ ಪದ ಎಲ್ಲೆಲ್ಲೋ ಓಡಾಡಿ ಮೆತ್ತಗಾಯಿತು. ಗೋಲಿಬಾರ್ ಮೆತ್ತಗಾಗಲಿಲ್ಲ. ಅದಕ್ಕೆ ಬೇರೆ ಕೆಲಸವನ್ನೇ ನಾವು ಕೊಟ್ಟಿಲ್ಲ. ಇವತ್ತು ನಾನು ಹೇಳಿದ್ದಕ್ಕೆ ವಿರುದ್ಧ ಇರುವ ಪದ ಇದು, ಹಾಗಾಗಿ ಹೇಳದೆ ಬಿಡಬಾರದು.

ಇನ್ನು ಗುಂಡು ಹೊರಡುವ ಸಾಧನ. ಕೋವಿ ನಮ್ಮದೇ ಪದ. ಅದರ ಹಳೆಯ ಅರ್ಥ ಕೊಳವೆ. ಒಲೆ ಊದುವ ಊದುಗೊಳವೆ ಇದೆಯಲ್ಲ, ಅದರ ನೆಂಟ. ತುಪಾಕಿ ತುರ್ಕಿಯ ಕಡೆಯದು. ಅಲ್ಲೂ ಅದರ ಮೂಲ ಊದುಗೊಳವೆಯೇ! ಬಂದೂಕು ಅರಬ್ಬಿಯಿಂದ ಬಂದದ್ದು. ಅಲ್ಲಿ ಬುಂದುಕ್ ಅಂದರೆ ಹೇಜಲ್‌ನಟ್, ಚಾಕೊಲೇಟಿನೊಳಗೆ ಸಿಗುತ್ತದಲ್ಲ ಆ ಕಾಯಿ. ಕಾಯಿ, ಆಮೇಲೆ ಕಾಯಿಯಷ್ಟು ಗಾತ್ರದ ಗುಂಡು, ಆಮೇಲೆ ಗುಂಡು ಹಾರಿಸುವ ಕೊಳವೆ. ನಮ್ಮಂತೆಯೇ ಅವರೂ ಅಡುಗೆಮನೆಯಿಂದಲೇ ಹೊರಟಿದ್ದಾರೆ. ಗ್ರೆನೇಡ್ ಫ್ರೆಂಚರ ದಾಳಿಂಬೆ. ರಾಕೆಟ್ ಇಟಲಿಯವರ ನೂಲಿನ ಕದಿರು. ಹಾಗಾದರೆ ಇದು ಕನ್ನಡದ ಗುಣವೋ, ಎಲ್ಲ ಭಾಷೆಗಳ ಗುಣವೋ ಅಂತ ನೀವು ಕೇಳಬಹುದು. ಎಲ್ಲರ ಗುಣವೇ ಇರಬೇಕು. ನಾನು ಕನ್ನಡಕ್ಕೆ ಸ್ವಲ್ಪ ಜಾಸ್ತಿ ಅಂಕ ಕೊಡುವವನು, ಬಿಡಿ.

ತೋಪು. ತುರ್ಕಿಯಲ್ಲಿ ತೊಪ್ ಅಂದರೆ ಮೊದಲು ಚೆಂಡು, ಆಮೇಲೆ ಫಿರಂಗಿ. ಆ ತೋಪು ಇಲ್ಲಿಗೆ ಬಂದಾಗ ನಮ್ಮಲ್ಲಿ ಆಗಲೇ ಒಂದು ತೋಪು ಇತ್ತು. ಮಾವಿನ ತೋಪು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆಯ ತೋಪಿಗೆ ಕರ್ನಲ್ ಆರ್ಥರ್ ವೆಲ್ಲೆಸ್ಲಿ ನುಗ್ಗಿದ. ಇದು ಮರಗಳ ತೋಪು. ಕತ್ತಲಲ್ಲಿ ದಾರಿ ತಪ್ಪಿತು, ಮೇಲಿಂದ ಟಿಪ್ಪುವಿನ ಕಡೆಯವರ ಗುಂಡು, ಬಾಣ. ಹಿಂದಕ್ಕೆ ಬರಬೇಕಾಯಿತು. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲಿಂಗ್ಟನ್ ಇವನೇ. ಆ ರಾತ್ರಿ ಮರಗಳ ತೋಪೊಂದು ಅವನನ್ನು ಸೋಲಿಸಿತ್ತು.

ಕಬ್ಬಿಣ, ಕಂಚಿನ ತೋಪು ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. ಮಲಿಕ್-ಎ-ಮೈದಾನ್. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬುರುಜಿನ ಮೆಟ್ಟಿಲು ಹತ್ತಿ ಹೋದರೆ ಮೊದಲು ಕಾಣುವುದು ಅದರ ಬಾಯಿ. ಸಿಂಹದ ಬಾಯಿ, ಆ ಬಾಯೊಳಗೆ ಹಲ್ಲುಗಳ ನಡುವೆ ಸಿಕ್ಕಿಕೊಂಡ ಒಂದು ಆನೆ. ನಾನು ಹೋದದ್ದು ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ಕಾದು ಕೆಂಡವಾಗಿರುತ್ತದೆ ಅಂದುಕೊಂಡು ಹೆದರಿ ಹೆದರಿ ಬೆರಳು ತಾಗಿಸಿದೆ. ಅಷ್ಟೇನೂ ಸುಡಲಿಲ್ಲ. ಬೆರಳ ಗಂಟಿನಿಂದ ತಟ್ಟಿದರೆ ಗಂಟೆಯ ಹಾಗೆ ಸಣ್ಣಗೆ ಗುಂಯ್ ಅನ್ನುತ್ತದೆ. ಅಲ್ಲಿದ್ದ ಗೈಡ್ ಹೇಳಿದರು, ಇದಕ್ಕೆ ಕಿಡಿ ಹಚ್ಚಿದವನು ಸದ್ದಿನಿಂದ ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿನ ತೊಟ್ಟಿಗೆ ಹಾರಿ ಮುಳುಗುತ್ತಿದ್ದನಂತೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ. ನಮ್ಮಜ್ಜ ಹಕ್ಕಿಯ ಕಿವಿಗೆ ಹೊಡೆಯುತ್ತಿದ್ದ, ಇದು ಹೊಡೆದವನ ಕಿವಿಗೇ ಹೊಡೆಯುತ್ತಿತ್ತು.

ಅದರ ಬಾಯಿಗೆ ಏನು ತುಂಬುತ್ತಿದ್ದರು? 1565ರ ತಾಳಿಕೋಟೆ ಯುದ್ಧದಲ್ಲಿ ಸುಲ್ತಾನರ ಕಡೆಯ ತೋಪುಗಳಿಗೆ ತಾಮ್ರದ ನಾಣ್ಯಗಳ ಚೀಲಗಳನ್ನೇ ತುಂಬಿ ಹಾರಿಸಿದರು ಅಂತ ಫೆರಿಶ್ತಾ ಬರೆದಿದ್ದಾನೆ. ಅವನು ವಿಜಯಪುರದ ಆಸ್ಥಾನದಲ್ಲಿದ್ದು ಚರಿತ್ರೆ ಬರೆದವನು. ಆ ತೋಪುಗಳಲ್ಲಿ ಇದೂ ಒಂದು ಅನ್ನುವುದು ಗೈಡ್ ಮಾತು. ಒಂದು ದೊಡ್ಡ ಗುಂಡು ಒಂದು ಕಡೆ ಬೀಳುತ್ತದೆ, ನಾಣ್ಯ ಚದುರಿ ಹತ್ತಿರದಲ್ಲಿ ನಿಂತ ನೂರಾರು ಜನರನ್ನು ಕತ್ತರಿಸುತ್ತದೆ. ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳಬೇಕಾಗಿದ್ದ ದುಡ್ಡು ಅದು. ಯುದ್ಧಕ್ಕೆ ಹೋದದ್ದು ಹೆಸರು ಮಾತ್ರ ಅಲ್ಲ, ಸಾಮಾನೂ ಹೋಗಿದೆ.

ಈಗ ತೋಪು ಏನು ಮಾಡುತ್ತಿದೆ ಅಂದರೆ ಮೈಸೂರು ದಸರೆಯಲ್ಲಿ ಕುಶಾಲತೋಪು ಹಾರಿಸುತ್ತಿದೆ. ಕುಶಾಲ್ ಅಂದರೆ ಖುಷಿ. ಖುಷಿಯ ತೋಪು! ಏಳು ಫಿರಂಗಿ, 21 ಸಲ. ಒಳಗೆ ಗುಂಡಿಲ್ಲ, ಬರೀ ಮದ್ದು. ದಸರೆಗೆ ಮೊದಲೇ ಆನೆ, ಕುದುರೆಗಳನ್ನು ನಿಲ್ಲಿಸಿ ಸದ್ದು ಅಭ್ಯಾಸ ಮಾಡಿಸುತ್ತಾರೆ. ಹೊಸದಾಗಿ ಬಂದ ಆನೆಗಳು ಮೊದಲ ದಿನ ಬೆಚ್ಚುತ್ತವೆ. ಹಳೆಯವು ಕಿವಿ ಬೀಸುತ್ತ ನಿಂತಿರುತ್ತವೆ, ಹಳೆಯ ಮೇಷ್ಟರ ಹಾಗೆ.

ಫಿರಂಗಿ ಅಂದೆ. ಇದು ಪರಂಗಿಯವರ ತೋಪು, ಅಂದರೆ ಯುರೋಪಿನವರದು. ಫ್ರಾಂಕ್ ಅನ್ನುವ ಜನರ ಹೆಸರು ಅರಬ್ಬರ, ಪರ್ಷಿಯನ್ನರ ಬಾಯಲ್ಲಿ ಫರಂಗಿಯಾಗಿ ಇಲ್ಲಿಗೆ ಬಂತು. ಅದೇ ಪರಂಗಿಯವರು ಅಮೆರಿಕದ ಒಂದು ಹಣ್ಣನ್ನೂ ತಂದರು. ಹಳೇ ಮೈಸೂರಿನ ಕಡೆ ಅದಕ್ಕೆ ಇವತ್ತೂ ಪರಂಗಿ ಹಣ್ಣು ಅನ್ನುತ್ತಾರೆ. ನೀವು ಪಪ್ಪಾಯಿ ಅನ್ನುವುದು. ಹೀಗೆ ಕೋಟೆ ಒಡೆಯುವ ಫಿರಂಗಿಯೂ ಹಿತ್ತಲಿನ ಪರಂಗಿಯೂ ಅಕ್ಕತಂಗಿಯರು. ಪದಕೋಶ ಓದುವ ಚಟದಲ್ಲಿ ನನಗೆ ಸಿಕ್ಕಿದ ಖುಷಿಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಕೊನೆಗೆ ನಿಮ್ಮ ಊರಿನ ಪಕ್ಕದ ವಿಷಯಕ್ಕೆ ಬರುತ್ತೇನೆ, ನಗರಕ್ಕೆ. ಬಿದನೂರನ್ನು 1763ರಲ್ಲಿ ಹೈದರಾಲಿ ಗೆದ್ದು ಹೈದರನಗರ ಅಂತ ಹೆಸರಿಟ್ಟ. ಕಾಲ ಕಳೆದಂತೆ ಹೈದರ್ ಉದುರಿ ಬರೀ ನಗರ ಉಳಿಯಿತು. 2018ರಲ್ಲಿ ಅಲ್ಲಿನ ಒಂದು ಹಾಳು ಬಾವಿಯನ್ನು ಅಗೆದಾಗ ಸಾವಿರಕ್ಕೂ ಜಾಸ್ತಿ ಕಬ್ಬಿಣದ ಕೊಳವೆಗಳು ಸಿಕ್ಕವು. ಬಾವಿಯ ಮಣ್ಣೇ ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಒಂದೊಂದೂ ಸುಮಾರು ಒಂದು ಅಡಿ ಉದ್ದ, ತುಕ್ಕು ಹಿಡಿದದ್ದು. ಟಿಪ್ಪು ಕಾಲದ ರಾಕೆಟ್ಟುಗಳು. 2002ರಲ್ಲೂ ಅಲ್ಲಿ ಇಂಥವು ಸಿಕ್ಕಿದ್ದವು.

ರಾಕೆಟ್ ಅಂತ ನಾವು ಈಗ ಹೇಳುವುದು. ಆಗ ಅದಕ್ಕೆ ಹೆಸರು ಬಾಣ. ಪರ್ಷಿಯನ್ ಬರಹಗಳಲ್ಲಿ ಬಾನ್. ಅದು ಸರಿಯಾದ ಹೆಸರೇ. ಕಬ್ಬಿಣದ ಕೊಳವೆಗೆ ಉದ್ದನೆಯ ಬಿದಿರು ಕಟ್ಟಿರುತ್ತಿದ್ದರು, ಹಾರುವಾಗ ತೊನೆಯದೆ ನೆಟ್ಟಗೆ ಹೋಗಲಿ ಅಂತ. ದೂರದಿಂದ ನೋಡಿದರೆ ಬೆಂಕಿ ಹತ್ತಿದ ದೊಡ್ಡ ಬಾಣ. ಬೇರೆಯವರದು ಬಿದಿರಿನ, ಕಾಗದದ ಕೊಳವೆಗಳಾಗಿದ್ದಾಗ ಮೈಸೂರಿನವರದು ಕಬ್ಬಿಣದ್ದು. ಹಾಗಾಗಿ ಒಳಗೆ ಮದ್ದನ್ನು ಒತ್ತಿ ತುಂಬಬಹುದಿತ್ತು, ಹೆಚ್ಚು ದೂರ ಹೋಗುತ್ತಿತ್ತು. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನ ಯುದ್ಧದಲ್ಲಿ, ಹೈದರ್, ಟಿಪ್ಪುವಿನ ಸೈನ್ಯದ ಎದುರು, ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದ ಚಿತ್ರವನ್ನು ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ ಈಗಲೂ ನೋಡಬಹುದು. 1799ರಲ್ಲಿ ಟಿಪ್ಪು ಸೋತ ನಂತರ ಇಂಥ ಬಾಣಗಳು ಇಂಗ್ಲೆಂಡಿಗೆ ಹೋದವು, ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. ವಿಜ್ಞಾನಿ ರೊದ್ದಂ ನರಸಿಂಹ ಇದರ ಬಗ್ಗೆ 1985ರಲ್ಲಿ ವಿವರವಾಗಿ ಬರೆದಿದ್ದಾರೆ.

ಆಯುಧ ಹೋಯಿತು, ಬಾಣ ಎಲ್ಲಿ ಹೋಯಿತು? ಜಾತ್ರೆಗೆ. ಬಾಣಬಿರುಸು ಅನ್ನುತ್ತೇವಲ್ಲ, ಅದರಲ್ಲಿದೆ. ತೇರಿನ ಕರಪತ್ರ ನೋಡಿ, "ರಾತ್ರಿ ಬಾಣಬಿರುಸು" ಅಂತ ಇರುತ್ತದೆ. ದೀಪಾವಳಿಗೆ ಮಕ್ಕಳು ಖಾಲಿ ಬಾಟಲಿಯಲ್ಲಿ ನಿಲ್ಲಿಸಿ ಹಚ್ಚುತ್ತಾರಲ್ಲ, ಅದಕ್ಕೂ ಒಂದು ಕಡ್ಡಿ ಕಟ್ಟಿರುತ್ತದೆ. ಕಡ್ಡಿ ಮುರಿದರೆ ಎಲ್ಲೆಲ್ಲೋ ನುಗ್ಗುತ್ತದೆ. ಬಿದನೂರಿನ ಬಿದಿರು ಮಾಡುತ್ತಿದ್ದ ಕೆಲಸವನ್ನೇ ಆ ಕಡ್ಡಿ ಮಾಡುತ್ತಿದೆ.

ಆಮೇಲಿನ ಕಾಲದ ಬಗ್ಗೆ ಹೇಳಲು ನನಗೆ ಅಷ್ಟು ಉತ್ಸಾಹ ಇಲ್ಲ. ಕ್ಷಿಪಣಿ ಸಂಸ್ಕೃತದಿಂದ ತಂದ ಒಳ್ಳೆಯ ಪದ, ಕ್ಷಿಪ್ ಅಂದರೆ ಎಸೆ. ಆದರೆ ಅದು ಇನ್ನೂ ಪತ್ರಿಕೆಯಿಂದ ಕೆಳಗಿಳಿದಿಲ್ಲ. ಯಾವ ಅಜ್ಜಿಯೂ ಮೊಮ್ಮಗನಿಗೆ ಕ್ಷಿಪಣಿ ಅಂತ ಬೈಯುವುದಿಲ್ಲ. ಬುಲೆಟ್ ಮಾತ್ರ ಬಂದ ಹತ್ತು ದಿನಕ್ಕೇ ಬೈಕಾಯಿತು. ತಿರುಗುಬಾಣ ಚೆನ್ನಾಗಿ ಕೂತಿದೆ. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬೂಮರಾಂಗಿಗೆ ಕನ್ನಡದಲ್ಲಿ ಯಾರೋ ಕಟ್ಟಿದ ಹೆಸರು. ಅಲ್ಲಿ ಬೇಟೆಗೆ ಬಳಸುವ ಭಾರದ ಬೂಮರಾಂಗ್ ತಿರುಗಿ ಬರುವುದೇ ಇಲ್ಲ, ಆದರೆ ನಮ್ಮ ರಾಜಕೀಯದ ಸುದ್ದಿಯಲ್ಲಿ ಎಲ್ಲವೂ ತಿರುಗಿ ಬರುತ್ತದೆ. ಹುಡುಗರು ಕಟ್ಟಿದ ಪದ ಇದಕ್ಕಿಂತ ಚೆನ್ನ. ಇಂಗ್ಲಿಷಿನ ಕ್ಯಾಟಪಲ್ಟ್ ಅವರ ಬಾಯಲ್ಲಿ ಕ್ಯಾಟರ್‌ಬಿಲ್ಲು ಆಯಿತು, ಕೆಲವು ಕಡೆ ಚಾಟರಬಿಲ್ಲು. ಕೊನೆಯಲ್ಲಿ ಏನೋ ಪಲ್ಟ್ ಅಂತ ಕೇಳಿಸಿತು, ಕೈಯಲ್ಲಿದ್ದದ್ದು ಬಿಲ್ಲಿನ ಹಾಗಿತ್ತು, ಮುಗಿಯಿತು. ಸೀಬೆಯ ಕವೆ, ಸೈಕಲ್ ಟ್ಯೂಬು, ಹಳೇ ಚಪ್ಪಲಿಯ ಚರ್ಮ. ಇಂಗ್ಲಿಷ್ ಪದಕ್ಕೂ ಮನೆಯ ಸಾಮಾನೇ.

ನನ್ನ ಮಾತು ಇಷ್ಟು. ಏನಾದರೂ ಕೇಳುವುದಿದ್ದರೆ ಕೇಳಿ ಅಂದೆ.

ಒಬ್ಬ ಹುಡುಗಿ ಎದ್ದು, ಡ್ರೋನಿಗೆ ಕನ್ನಡದಲ್ಲಿ ಏನನ್ನುತ್ತಾರೆ ಅಂತ ಕೇಳಿದಳು. ಇಂಗ್ಲಿಷಿನಲ್ಲಿ ಅದು ಗಂಡು ಜೇನುಹುಳದ ಹೆಸರು, ಕನ್ನಡದಲ್ಲಿ ಸದ್ಯಕ್ಕೆ ಡ್ರೋನೇ ಅಂದೆ. ಈಗಿನ ಯುದ್ಧಗಳಲ್ಲಿ ಅದನ್ನು ಬಾಂಬು ಕಟ್ಟಿ ಬಿಡುತ್ತಿದ್ದಾರೆ, ನಮ್ಮವರು ಅದಕ್ಕೆ ಮನೆಯ ಹೆಸರು ಯಾವಾಗ ಕೊಡುತ್ತಾರೋ ನೋಡಬೇಕು ಅಂತ ಇನ್ನೂ ಏನೋ ಹೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬರು ಕೈ ಎತ್ತಿದರು. ಅಡಿಕೆ ತೋಟದವರು. ಒದ್ದೆ ಕೊಡೆಯನ್ನು ಕಾಲ ನಡುವೆ ನಿಲ್ಲಿಸಿಕೊಂಡಿದ್ದರು.

"ಅದು ನಮ್ಮಲ್ಲಿ ಬಂದು ಆಗಿದೆ ಸಾರ್," ಅಂದರು. "ಕೊನೆಗೌಡ್ರು ಸಿಗೋದಿಲ್ಲ, ಮರ ಹತ್ತೋರು ಯಾರೂ ಇಲ್ಲ. ಹೋದ ವರ್ಷದಿಂದ ಅದರಲ್ಲೇ ಮದ್ದು ಹೊಡಿಸ್ತಿದ್ದೇವೆ."

ಮದ್ದು! ನಾನು ಕೈಯಲ್ಲಿದ್ದ ಕವಣೆ ಮೇಜಿನ ಮೇಲಿಟ್ಟು, ಗುರಿ ಹೇಗೆ ಅಂತ ಕೇಳಿದೆ.

"ಗುರಿಗೇನೂ ತೊಂದರೆ ಇಲ್ಲ. ಕೊಳೆರೋಗಕ್ಕೆ ಸರಿಯಾಗಿ ಗೊನೆಗೇ ಬೀಳ್ತದೆ. ಆದ್ರೆ ಹೊಡೆದ ಮೇಲೆ ಎರಡು ದಿನ ಮಳೆ ಬಿಡಬೇಕಲ್ಲ," ಅಂದು ಅವರು ಕಿಟಕಿಯ ಸರಳುಗಳ ಆಚೆ ನೋಡಿದರು.